ಒಂದೇ ಫೋನಲ್ಲಿ ಮೂರು

ಪ್ರತಿ ಭಾನುವಾರ ಸಂಜೆ ಏಳಕ್ಕೆ ಬ್ಯಾಡಗಿ ಹತ್ತಿರದ ನಮ್ಮೂರಿಂದ ಅಪ್ಪನ ಫೋನು ಬರುತ್ತದೆ. ಮಳೆ, ಮೆಣಸಿನಕಾಯಿ ರೇಟು, ಅವ್ವನ ಮೊಣಕಾಲು ನೋವು ಎಲ್ಲ ಮುಗಿದ ಮೇಲೆ ಕೊನೆಗೊಂದು ಪ್ರಶ್ನೆ:

"ಪೂಜಿಗೆ ಹೋಗಿದ್ದೇನು?"

"ಹೂಂನಪಾ, ಹೋಗಿದ್ದೆ."

ಬೆಂಗಳೂರಿಗೆ ಬಂದು ಹನ್ನೆರಡು ವರ್ಷ. ಮೊದಲೆರಡು ವರ್ಷ ಬಿಟ್ಟರೆ ಈ ಉತ್ತರ ಸುಳ್ಳೇ. ಹೆಂಡತಿ, ಮಗಳನ್ನು ಚರ್ಚಿನ ಗೇಟಿಗೆ ಬಿಟ್ಟು, ಎದುರಿನ ದರ್ಶಿನಿಯಲ್ಲಿ ಲ್ಯಾಪ್‌ಟಾಪ್ ಬಿಚ್ಚಿ ಕೂರುವುದು ನನ್ನ ಭಾನುವಾರ.

ಮಗಳಿಗೀಗ ಎಂಟು. ಈ ವರ್ಷ ಅವಳ ಪ್ರಥಮ ಪರಮಪ್ರಸಾದ. ಅದಕ್ಕೂ ಮೊದಲು ಪಾಪನಿವೇದನೆ ಮಾಡಬೇಕು, ಅದಕ್ಕಾಗಿ ದೇವರ ಹತ್ತು ಆಜ್ಞೆಗಳು ಬಾಯಿಪಾಠ ಆಗಬೇಕು. ಮೊನ್ನೆ ನಾನು ಫೋನಿಟ್ಟ ಕೂಡಲೇ ಬೆರಳು ಮಡಚಿ ಲೆಕ್ಕ ಹಾಕಿದಳು.

"ಪಪ್ಪಾ, ಭಾನುವಾರ ದೇವರ ದಿನ ಅನ್ನೋದು ಮೂರನೇದು. ಸುಳ್ಳು ಹೇಳ್ಬಾರ್ದು ಅನ್ನೋದು ಎಂಟನೇದು. ಅಜ್ಜಂಗೇ ಸುಳ್ಳು ಹೇಳಿದ್ರಲ್ಲ, ನಾಲ್ಕನೇದೂ ಹೋಯ್ತು. ಒಂದೇ ಫೋನಲ್ಲಿ ಮೂರು!"

ಮಕ್ಕಳು ಪ್ರಥಮ ಪರಮಪ್ರಸಾದಕ್ಕೆ ಹತ್ತು, ಹನ್ನೆರಡು ವರ್ಷ ಆಗುವ ತನಕ ಕಾಯುವ ರೂಢಿ ಹಿಂದೆ ಇತ್ತು. 1910ರಲ್ಲಿ ಪೋಪ್ ಹತ್ತನೇ ಪಯಸ್ ಅದನ್ನು ಏಳರ ಆಸುಪಾಸಿಗೆ ಇಳಿಸಿದರು. ಆ ವಯಸ್ಸಿಗೆ ಸರಿ-ತಪ್ಪು ತಿಳಿಯುತ್ತದೆ ಅನ್ನೋದು ಅವರ ಲೆಕ್ಕ. ಲೆಕ್ಕ ಸರಿ ಇದೆ ಅನ್ನಲು ನಮ್ಮನೆಯೇ ಸಾಕ್ಷಿ.

ನಗುತ್ತಿದ್ದೆ. ಅಷ್ಟರಲ್ಲಿ ಕೇಳಿದಳು: "ನೀವು ದೊಡ್ಡೋರಾದ್ಮೇಲೆ ಬಿಟ್ರಿ. ನಾನೂ ದೊಡ್ಡೋಳಾದ್ಮೇಲೆ ಬಿಡಬಹುದಾ?"

ನಾನು ಚಿಕ್ಕವನಿದ್ದಾಗ ಇದನ್ನು ಕೇಳಬಹುದು ಅಂತಲೇ ಹೊಳೆದಿರಲಿಲ್ಲ. ಊರಲ್ಲಿ ನಮ್ಮದೊಂದೇ ಕ್ಯಾಥೊಲಿಕ್ ಮನೆ. ತಿಂಗಳಿಗೆ ಒಂದೆರಡು ಸಲ ಬಸ್ ಹಿಡಿದು ರಾಣೆಬೆನ್ನೂರಿನ ಚರ್ಚಿಗೆ ಹೋಗುತ್ತಿದ್ದೆವು. ಉಳಿದ ದಿನ ಚರ್ಚು ಅಂದರೆ ನಮ್ಮ ಪಡಸಾಲೆ. ಹೊಲದಿಂದ ಬಂದು ಕೈಕಾಲು ತೊಳೆದು ಅಪ್ಪ ಜಪಮಾಲೆ ಹಿಡಿದ ಅಂದರೆ ಐವತ್ತು 'ನಮೋ ಮರಿಯ' ಮುಗಿಯೋ ತನಕ ಯಾರೂ ಏಳುವಂತಿಲ್ಲ. ಸುಗ್ಗಿಯಲ್ಲಿ ಮೂಲೆಗೆ ಮೆಣಸಿನಕಾಯಿ ಚೀಲ ಒಟ್ಟಿರುತ್ತಿದ್ದವು. ಘಾಟಿಗೆ ಮೊದಲು ಅಕ್ಕ ಸೀನುತ್ತಿದ್ದಳು, ಆಮೇಲೆ ನಾನು, ಆಮೇಲೆ ಅಪ್ಪ. ಎಣಿಕೆ ತಪ್ಪಿದರೆ ಅಪ್ಪ ನಾಲ್ಕು ಮಣಿ ಹಿಂದಕ್ಕೆ ಎಳೆದು ಮತ್ತೆ ಶುರು ಮಾಡುತ್ತಿದ್ದ.

ಅದೇ ಹೊತ್ತಿಗೆ ವಿಭೂತಿ ಬುಧವಾರ ಬರುತ್ತಿತ್ತು. ಹಣೆ ಮೇಲಿನ ಬೂದಿ ಶಿಲುಬೆ ನೋಡಿ ಸಾಲಿಯ ಗೆಳೆಯರು, "ಏನಲೇ, ನೀನೂ ಈಬತ್ತಿ ಹಚ್ಚಿಕೊಂಡಿ?" ಅಂತ ನಗುತ್ತಿದ್ದರು. ಅಳುತ್ತಾ ಬಂದು ಹೇಳಿದರೆ ಅಪ್ಪ, "ಎಲ್ಲಾರೂ ಮಣ್ಣಿಗೇ ಹೋಗೂದು. ಅವರಿಗೂ ಅಷ್ಟ, ನಮಗೂ ಅಷ್ಟ. ಅಳಾಕ ಏನೈತಿ ಅದರಾಗ?" ಅಂದ. ಯಾವ ಧರ್ಮೋಪದೇಶ ಕ್ಲಾಸೂ ನನಗೆ ಅಷ್ಟು ನೆನಪಿಲ್ಲ.

ಎರಡನೇ ವ್ಯಾಟಿಕನ್ ಮಹಾಸಭೆ 1964ರಲ್ಲಿ ಕುಟುಂಬವನ್ನು ಮನೆಯೊಳಗಿನ ಚರ್ಚು ಅಂತ ಕರೆಯಿತು. ಮಕ್ಕಳಿಗೆ ಮೊದಲು ಧರ್ಮ ಕಲಿಸುವವರು ತಂದೆತಾಯಿ ಎಂದಿತು. ನನಗಿದು ಗೊತ್ತಾದದ್ದು ಈಚೆಗೆ, ಮಗಳ ಕ್ಲಾಸಿನ ಪಾಲಕರ ಸಭೆಯಲ್ಲಿ. ಅಪ್ಪನಿಗೆ ಗೊತ್ತಿರಲಿಕ್ಕಿಲ್ಲ. ಆದರೆ ನಮ್ಮ ಪಡಸಾಲೆಯಲ್ಲಿ ನಡೆದದ್ದು ಅದೇ.

ಮುಂದಿನ ಭಾನುವಾರ ಫೋನು ಬಂತು. ಮಗಳು ಪಕ್ಕದಲ್ಲೇ ಕೂತಿದ್ದಳು.

"ಪೂಜಿಗೆ ಹೋಗಿದ್ದೇನು?"

"ಇಲ್ಲಪಾ. ಹೋಗೂದು ಬಿಟ್ಟು ಭಾಳ ವರ್ಷ ಆತು."

ಸ್ವಲ್ಪ ಹೊತ್ತು ಆ ಕಡೆ ಮಾತಿಲ್ಲ. ಆಮೇಲೆ, "ಗೊತ್ತೈತಿ. ಮದಲೆಲ್ಲಾ ಫಾದರ್ ಏನು ಹೇಳಿದ್ರು ಅಂತ ನೀನ ಹೇಳತಿದ್ದಿ. ಈಗ ಹತ್ತು ವರ್ಷದಿಂದ ಹೇಳಿಲ್ಲ" ಅಂದ.

"ಮತ್ತ ಯಾಕ ಕೇಳತಿದ್ದಿ?"

"ನಾನೂ ಕೇಳೂದು ಬಿಟ್ರ ಹೆಂಗ?"

ಅವತ್ತಿನಿಂದ ಪ್ರತಿ ಭಾನುವಾರ ತಪ್ಪದೆ ಚರ್ಚಿಗೆ ಹೋಗುತ್ತಿದ್ದೇನೆ ಅಂತ ಬರೆದರೆ ಮತ್ತೆ ಎಂಟನೇದು ಮುರಿದಂತೆ. ಒಮ್ಮೆ ಹೋಗುತ್ತೇನೆ, ಒಮ್ಮೆ ಇಲ್ಲ. ಹೋಗದ ದಿನ ಇಲ್ಲ ಅಂತಲೇ ಹೇಳುತ್ತೇನೆ. ರಾತ್ರಿ ಊಟಕ್ಕೆ ಮೊದಲು ಮಗಳ ಜೊತೆ ಹತ್ತು ಮಣಿ ಎಣಿಸುತ್ತೇನೆ. ಐವತ್ತಕ್ಕೆ ಅವಳೂ ಒಪ್ಪಲ್ಲ. ಅವಳು ಕೇಳಿದ ಪ್ರಶ್ನೆಗೆ ಮಾತ್ರ ಇನ್ನೂ ಉತ್ತರ ಕೊಟ್ಟಿಲ್ಲ.