ಕಿವಿಯೇ ಕಣ್ಣಾದ ಬಗೆ

ಒಂದು ಇಂದ್ರಿಯವು ಕುಂದಿದರೆ ಪ್ರಕೃತಿಯು ಮತ್ತೊಂದಕ್ಕೆ ಬಲವೀಯುವುದೆಂಬುದು ಲೋಕದ ನಂಬಿಕೆ. ದೃಷ್ಟಿಹೀನರ ಮಿದುಳಿನಲ್ಲಿ ನೋಟಕ್ಕೆ ಮೀಸಲಾದ ಭಾಗವು ನಾದ, ಸ್ಪರ್ಶಗಳನ್ನು ಗ್ರಹಿಸುವ ಕಾರ್ಯದಲ್ಲಿ ತೊಡಗುವುದನ್ನು ವಿಜ್ಞಾನವೂ ಕಂಡುಕೊಂಡಿದೆ. ಆದರೆ ಅಭ್ಯಾಸವಿಲ್ಲದಿದ್ದರೆ ಆ ಬಲವು ಬೀಜರೂಪದಲ್ಲಿಯೇ ಉಳಿದೀತು.

ಗದುಗಿನ ಪುಟ್ಟರಾಜ ಗವಾಯಿಗಳ (1914-2010) ಬಾಳು ಇದಕ್ಕೆ ನಿದರ್ಶನ. ಶೈಶವದಲ್ಲಿಯೇ ಕಣ್ಣು ಕಳೆದುಕೊಂಡ ಅವರನ್ನು ಕೈಹಿಡಿದವರು ಪಂಚಾಕ್ಷರಿ ಗವಾಯಿಗಳು (1892-1944). ಅವರೂ ಹುಟ್ಟಿನಿಂದ ಅಂಧರು. ಬಾಲಕನ ಮುಖವನ್ನು ಅವರು ಕಾಣಲಾರರು; ಕಂಠವನ್ನು ಕೇಳಿದರು, ಅದಕ್ಕೆ ತಕ್ಕ ಶಿಕ್ಷಣವಿತ್ತರು. ನೋಡಿ ಓದಲಾಗದ ಶಿಷ್ಯನಿಗೆ ಸ್ಮೃತಿಯೇ ಪುಸ್ತಕವಾಯಿತು. ಹಿಂದೂಸ್ತಾನಿ, ಕರ್ನಾಟಕ ಪದ್ಧತಿಗಳೆರಡೂ ಕರಗತವಾದವು. ಕನ್ನಡ, ಸಂಸ್ಕೃತ, ಹಿಂದಿಗಳಲ್ಲಿ ಗ್ರಂಥಗಳು ಮೂಡಿದವು. ಗುರುಗಳ ತರುವಾಯ ವೀರೇಶ್ವರ ಪುಣ್ಯಾಶ್ರಮದ ಹೊಣೆ ಹೊತ್ತು, ಅಂಧ ಮಕ್ಕಳಿಗೆ ಅನ್ನವನ್ನೂ ವಿದ್ಯೆಯನ್ನೂ ಇತ್ತರು. 2010ರಲ್ಲಿ ಪದ್ಮಭೂಷಣ ಪ್ರಶಸ್ತಿಯು ಅವರಿಗೆ ಸಂದಿತು.

ಕಣ್ಣು ಹೋದ ಮಾತ್ರಕ್ಕೆ ಈ ವಿದ್ಯೆ ಬರಲಿಲ್ಲ. ಹೋದುದಕ್ಕಾಗಿ ಮರುಗುತ್ತ ಕೂರದೆ, ಉಳಿದುದನ್ನು ಅರಿತು ಬೆಳೆಸಿದ ಗುರುವೊಬ್ಬರು ದೊರೆತುದರಿಂದ ಬಂದಿತು. ಅಂಥವರು ದೊರೆಯದೆ ಮನೆಯ ಮೂಲೆಯಲ್ಲಿ ಕುಳಿತ ಮಕ್ಕಳು ಇಂದಿಗೂ ಉಂಟು. ಅವರನ್ನು ಅರಸಿ ಹೋಗಬೇಕಾದುದು ವಿದ್ಯಾಲಯಗಳ ಧರ್ಮ.