ಚಾಡಿಯೋ, ಸಾಕ್ಷಿಯೋ?

ನಾವು ಅಣ್ಣತಮ್ಮಂದಿರು ನಾಲ್ಕನೆಯ ತರಗತಿಯವರೆಗೆ ಉರ್ದು ಶಾಲೆಯಲ್ಲಿ ಓದಿ, ಆಮೇಲೆ ಕನ್ನಡ ಶಾಲೆಗೆ ಸೇರಿದವರು. ಮೇಷ್ಟ್ರ ಬಳಿ ದೂರು ಒಯ್ಯುತ್ತಿದ್ದವನನ್ನು ಅಲ್ಲಿಯ ಹುಡುಗರು 'ಚಾಡಿಕೋರ' ಎಂದು ಕರೆದಾಗ ನಾವು ಅರ್ಥ ಕೇಳಬೇಕಾಗಲಿಲ್ಲ. ನಮ್ಮ ಮನೆಯ 'ಚುಗಲ್‌ಖೋರ್' ಅವನೇ.

ಫಾರಸಿಯಲ್ಲಿ 'ಖೋರ್' ಎಂದರೆ ತಿನ್ನುವವನು. ಅದೇ ಕನ್ನಡಕ್ಕೆ ಬಂದು 'ಕೋರ' ಆಯಿತು. ಲಂಚಕೋರ ಲಂಚ ತಿನ್ನುತ್ತಾನೆ, ಚಾಡಿಕೋರನಿಗೆ ಚಾಡಿಯೇ ಊಟ. ಬೆನ್ನ ಹಿಂದೆ ಆಡಿಕೊಳ್ಳುವುದನ್ನು ಕುರ್‌ಆನ್ (49:12) ಸತ್ತ ಸಹೋದರನ ಮಾಂಸ ತಿನ್ನುವುದಕ್ಕೆ ಹೋಲಿಸಿದೆ. ಅಲ್ಲಿಯೂ ತಿನ್ನುವ ಮಾತೇ.

ಮದರಸದಲ್ಲಿ ನಮಗೆ ಈ ಪದಗಳನ್ನು ಬಿಡಿಸಿ ಹೇಳಿಕೊಟ್ಟಿದ್ದರು. ಒಬ್ಬನಲ್ಲಿ ಇರುವ ದೋಷವನ್ನೇ ಅವನ ಬೆನ್ನ ಹಿಂದೆ ಆಡಿದರೆ ಗೀಬತ್, ಇಲ್ಲದ್ದನ್ನು ಹೊರಿಸಿದರೆ ಬೊಹ್ತಾನ್, ಇಬ್ಬರ ನಡುವೆ ಬೆಂಕಿ ಹಚ್ಚಲು ಮಾತು ಸಾಗಿಸಿದರೆ ಚುಗ್ಲಿ. ಎರಡೂ ಭಾಷೆಗಳು ಕೇಳುವವನನ್ನೂ ಬಿಟ್ಟಿಲ್ಲ. ಕನ್ನಡದಲ್ಲಿ ಅವನದು ಹಿತ್ತಾಳೆ ಕಿವಿ, ಉರ್ದುವಿನಲ್ಲಿ ಅವನು 'ಕಾನ್ ಕಾ ಕಚ್ಚಾ'.

ಇಷ್ಟೆಲ್ಲ ಗೊತ್ತಿದ್ದೂ ನಾವು ಒಮ್ಮೆ ತಪ್ಪಿದೆವು. ಬಟ್ಟೆ ಹೊಲಿದು ಮನೆ ಮನೆಗೆ ಕೊಟ್ಟು ಬರುತ್ತಿದ್ದ ಫುಪ್ಪು ಒಬ್ಬರಿದ್ದರು, ಅಬ್ಬಾನ ಕಡೆಯ ದೂರದ ಸಂಬಂಧ. ಒಂದು ಸಂಜೆ ಬಂದು, "ಹುಡುಗಿಯ ಬೆನ್ನ ಮೇಲೆ ಬಾಸುಂಡೆ ನೋಡಿದೆ. ಹೋಗಿ ಕರ್ಕೊಂಡು ಬನ್ನಿ" ಎಂದರು. ಮದುವೆಯಾಗಿ ಒಂದು ವರ್ಷವೂ ತುಂಬಿರದ ನಮ್ಮ ಆಪಾಳ ವಿಷಯ. ಬೀಗರ ಮನೆಯ ಮಾನಕ್ಕೆ, ನಮ್ಮ ಮಾನಕ್ಕೆ ಹೆದರಿ ನಾವು ಫುಪ್ಪುವನ್ನೇ ಚುಗಲ್‌ಖೋರ್ ಎಂದೆವು. ಅವರು ಚಹಾ ಮುಟ್ಟದೆ ಎದ್ದು ಹೋದರು.

ಎಂಟು ತಿಂಗಳ ನಂತರ ಆಪಾ ಒಂದು ರಾತ್ರಿ ಮುರಿದ ಕೈಯೊಂದಿಗೆ ಬಾಗಿಲಲ್ಲಿ ನಿಂತಿದ್ದಳು.

ಮಾಫಿ ಕೇಳಲು ಹೋದೆವು. ಫುಪ್ಪು ನಮ್ಮನ್ನು ಬೈಯಲಿಲ್ಲ. "ಅದು ಬಿಡಿ, ಅವಳು ಊಟ ಮಾಡ್ತಾ ಇದ್ದಾಳಾ?" ಎಂದಷ್ಟೇ ಕೇಳಿದರು.

ಬೆನ್ನ ಹಿಂದೆ ಮಾತಾಡಲು ಅನುಮತಿ ಇರುವ ಆರು ಸಂದರ್ಭಗಳನ್ನು 13ನೇ ಶತಮಾನದ ಇಮಾಮ್ ನವವಿ ತಮ್ಮ 'ರಿಯಾದುಸ್ಸಾಲಿಹೀನ್'ನಲ್ಲಿ ಪಟ್ಟಿ ಮಾಡಿದ್ದಾರೆ. ಮೊದಲನೆಯದೇ ಜುಲುಮಿನ ವಿರುದ್ಧದ ದೂರು. ಆ ಪುಟವನ್ನು ನಾವು ಓದಿದ್ದೆವು. ಓದಿದ್ದು ಆ ಸಂಜೆ ನೆನಪಾಗಲಿಲ್ಲ.

ಯಾರನ್ನಾದರೂ ಚಾಡಿಕೋರ ಎನ್ನುವ ಮೊದಲು ಈಗ ನಾವು ಒಂದು ಪ್ರಶ್ನೆ ಕೇಳಿಕೊಳ್ಳುತ್ತೇವೆ: ಈ ಮಾತು ಯಾರನ್ನು ತಿನ್ನುತ್ತಿದೆ, ಯಾರನ್ನು ಉಳಿಸುತ್ತಿದೆ? ಚಾಡಿಗೆ ಕಿವಿ ಕೊಡುವುದು ತಪ್ಪು. ಸಾಕ್ಷಿಗೆ ಕಿವಿ ಮುಚ್ಚುವುದು ಅದಕ್ಕಿಂತ ದೊಡ್ಡ ತಪ್ಪು.