ಸಾಲಿನ ಅಗಲ

ಯಂತ್ರದ ವಿಷಯವಾಗಿ ಬರೆಯುವುದು ಕನ್ನಡ ವಿಭಾಗದ ವಾರ್ತಾಪತ್ರಕ್ಕೆ ಒಗ್ಗದ ಕೆಲಸವೆಂದು ಕೆಲವರಿಗೆ ತೋರಬಹುದು. ಆದರೆ ಹಸಿವು ಸಾಹಿತ್ಯಕ್ಕೆ ಎಂದೂ ಹೊರಗಿನ ವಸ್ತುವಾಗಿರಲಿಲ್ಲ. ಇಂದು ಹಸಿದವನಿಗೂ ಅವನ ತಿನಿಸಿಗೂ ನಡುವೆ ಅನೇಕ ಕಡೆಗಳಲ್ಲಿ ಒಂದು ಯಂತ್ರ ನಿಂತಿದೆ. ವಿಮಾನ ನಿಲ್ದಾಣ, ಕಚೇರಿ, ಆಸ್ಪತ್ರೆಗಳ ಪಡಸಾಲೆಯಲ್ಲಿ ಗಾಜಿನ ಮುಖ ಹೊತ್ತು, ಒಳಗೆ ದೀಪ ಉರಿಸಿಕೊಂಡು ನಿಲ್ಲುವ ವೆಂಡಿಂಗ್ ಮಷೀನನ್ನು ನೀವೆಲ್ಲರೂ ನೋಡಿರುತ್ತೀರಿ. ನಿಮ್ಮಂತೆಯೇ ಕನ್ನಡವನ್ನು ಐಚ್ಛಿಕವಾಗಿ ಓದಿದ ನಾನು ಈಗ ಪಣಜಿಯಲ್ಲಿ ಅಂಥ ಯಂತ್ರಗಳಿಗೆ ಸರಕು ತುಂಬುವ, ಲೆಕ್ಕ ಬರೆಯುವ, ಅವಶ್ಯವಿದ್ದಾಗ ತಂತ್ರಜ್ಞನ ಜೊತೆ ಕೂತು ಬಿಚ್ಚಿ ಜೋಡಿಸುವ ಕೆಲಸದಲ್ಲಿದ್ದೇನೆ. ಅವುಗಳಲ್ಲೊಂದರ ಚಾಕೊಲೇಟಿನ ಸಾಲುಗಳನ್ನು ತೆಗೆದು, ದೊಡ್ಡ ತಿನಿಸಿಗೆ ಎಡೆ ಮಾಡಿದ ಸಂಗತಿಯನ್ನು ಇಲ್ಲಿ ನಿರೂಪಿಸುತ್ತೇನೆ.

ಹಣ ನುಂಗಿ ವಸ್ತು ಕೊಡುವ ಯಂತ್ರದ ಕಲ್ಪನೆ ಬಹಳ ಹಳೆಯದು. ಕ್ರಿಸ್ತಶಕ ಮೊದಲನೆಯ ಶತಮಾನದಲ್ಲಿ ಅಲೆಕ್ಸಾಂಡ್ರಿಯದ ಹೀರೋ ಎಂಬ ಶಾಸ್ತ್ರಜ್ಞ ದೇವಾಲಯಕ್ಕಾಗಿ ಅಂಥದೊಂದನ್ನು ವರ್ಣಿಸಿದ್ದಾನೆ: ನಾಣ್ಯದ ಭಾರಕ್ಕೆ ಸನ್ನೆಗೋಲು ಬಾಗಿ, ಕವಾಟ ತೆರೆದು, ಒಂದಿಷ್ಟು ಪವಿತ್ರ ಜಲ ಸುರಿಯುತ್ತಿತ್ತು. 1880ರ ದಶಕದ ಲಂಡನ್ನಿನಲ್ಲಿ ಪರ್ಸಿವಲ್ ಎವರಿಟ್ ಎಂಬವನ ಯಂತ್ರ ಅಂಚೆ ಕಾರ್ಡು ಕೊಟ್ಟಿತು. 1888ರಲ್ಲಿ ನ್ಯೂಯಾರ್ಕಿನ ರೈಲು ನಿಲ್ದಾಣಗಳಲ್ಲಿ ಥಾಮಸ್ ಆಡಮ್ಸನ ಸಂಸ್ಥೆಯ ಯಂತ್ರಗಳು ಚೂಯಿಂಗ್ ಗಮ್ ಮಾರಿದವು. ನಮ್ಮ ರೈಲು ನಿಲ್ದಾಣಗಳಲ್ಲಿ ತೂಕದ ಯಂತ್ರವು ಭವಿಷ್ಯವನ್ನೂ ಅಚ್ಚುಹಾಕಿದ ಪುಟ್ಟ ರಟ್ಟಿನ ಚೀಟಿಯನ್ನು ಉದುರಿಸುತ್ತಿದ್ದುದು ಹಿರಿಯರಿಗೆ ನೆನಪಿದೆ. ಬೊಗಸೆ ನೀರು, ಕಾರ್ಡು, ಗಮ್ಮು, ಚೀಟಿ: ಎಲ್ಲವೂ ಅಂಗೈಗೆ ಮೀರದ ವಸ್ತುಗಳು. ಈ ಯಂತ್ರದ ಕುಲವೇ ಚಿಕ್ಕ ವಸ್ತುಗಳ ನಡುವೆ ಬೆಳೆದದ್ದು.

ಇಂದಿನ ಯಂತ್ರದ ಒಡಲೂ ಸರಳವಾದುದೇ. ಗಾಜಿನ ಹಿಂದೆ ತಟ್ಟೆಗಳು ಒಂದರ ಮೇಲೊಂದು ತೂಗಿಕೊಂಡಿರುತ್ತವೆ. ಪ್ರತಿ ತಟ್ಟೆಯನ್ನೂ ಲೋಹದ ತೆಳುಪಟ್ಟಿಗಳು ಸಾಲುಗಳಾಗಿ ವಿಂಗಡಿಸುತ್ತವೆ. ಪ್ರತಿ ಸಾಲಿನಲ್ಲಿ ದಪ್ಪ ತಂತಿಯ ಸುರುಳಿಯೊಂದು ಮಲಗಿರುತ್ತದೆ. ಹಿಂಬದಿಯ ಪುಟ್ಟ ಮೋಟಾರು ಅದನ್ನು ತಿರುಗಿಸುತ್ತದೆ. ಸುರುಳಿಯ ಎರಡು ಸುತ್ತುಗಳ ನಡುವಿನ ಎಡೆಯಲ್ಲಿ ಒಂದೊಂದು ಪೊಟ್ಟಣ ನೆಟ್ಟಗೆ ನಿಲ್ಲುತ್ತದೆ. ಸುರುಳಿ ಒಂದು ಪೂರ್ಣ ಸುತ್ತು ತಿರುಗಿದರೆ ಸಾಲಿನ ಪೊಟ್ಟಣಗಳೆಲ್ಲ ಒಂದು ಹೆಜ್ಜೆ ಮುಂದೆ ಸರಿದು, ಅಂಚಿನಲ್ಲಿದ್ದುದು ಕೆಳಗೆ ಬೀಳುತ್ತದೆ. ತಟ್ಟೆಯ ಆಳ 50 ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಸುರುಳಿಗೆ 20 ಸುತ್ತುಗಳಿದ್ದರೆ ಪ್ರತಿಯೊಂದು ಎಡೆಯೂ ಎರಡೂವರೆ ಸೆಂಟಿಮೀಟರ್. ಚಾಕೊಲೇಟಿಗೆ ಅದು ಧಾರಾಳ. 10 ಸುತ್ತುಗಳಿದ್ದರೆ ಎಡೆ 5 ಸೆಂಟಿಮೀಟರ್; ಉಬ್ಬಿದ ಪೊಟ್ಟಣ ಅಲ್ಲಿ ನಿಲ್ಲಬಲ್ಲದು. ಅಂದರೆ ಯಂತ್ರ ಏನನ್ನು ಮಾರಬಲ್ಲದು ಎಂಬುದು ತಂತಿಯ ಬಾಗಿನಲ್ಲಿ ಮೊದಲೇ ನಿರ್ಧಾರವಾಗಿರುತ್ತದೆ.

ನಾನು ಹೇಳುತ್ತಿರುವ ಯಂತ್ರ ಪಣಜಿಯ ಒಂದು ಆಸ್ಪತ್ರೆಯ ಪಡಸಾಲೆಯಲ್ಲಿದೆ. ಅದರಲ್ಲಿ ಐದು ತಟ್ಟೆಗಳಿದ್ದವು. ಮೇಲಿನ ನಾಲ್ಕರಲ್ಲಿ ಹತ್ತು ಹತ್ತು ಕಿರಿದಾದ ಸಾಲುಗಳು, ಚಾಕೊಲೇಟು ಮತ್ತು ಪೆಪ್ಪರಮಿಂಟಿಗಾಗಿ. ಕೆಳಗಿನದರಲ್ಲಿ ನೀರು ಮತ್ತು ಪಾನೀಯದ ಬಾಟಲಿಗಳು. ಹಗಲಿನಲ್ಲಿ ಇದರಿಂದ ಯಾರಿಗೂ ತೊಂದರೆಯಿರಲಿಲ್ಲ. ಪಣಜಿ ತಿನ್ನಲು ಕೊರತೆಯಿಲ್ಲದ ಊರು. ಬೆಳಿಗ್ಗೆ ಸೈಕಲ್ಲಿನ ಹಾರನ್ನು ಒತ್ತುತ್ತ ಪೊದೇರ ಬಿಸಿ ಪಾವ್ ಮತ್ತು ಪೊಯಿ ತರುತ್ತಾನೆ. ಸಂಜೆಯಾದರೆ ಗಾಡಿಗಳಲ್ಲಿ ರಸ ಆಮ್ಲೆಟ್ ಸಿಗುತ್ತದೆ. ಆದರೆ ರಾತ್ರಿ ಬೆಳೆದಂತೆ ಅಂಗಡಿಗಳ ಬಾಗಿಲು ಒಂದೊಂದಾಗಿ ಮುಚ್ಚುತ್ತವೆ. ಮಾಂಡೋವಿಯ ನೀರಿನ ಮೇಲೆ ಕ್ಯಾಸಿನೋ ಹಡಗುಗಳ ದೀಪಗಳಷ್ಟೇ ಎಚ್ಚರವಾಗಿರುತ್ತವೆ. ಆ ಹೊತ್ತಿಗೆ ಆಸ್ಪತ್ರೆಯ ಪಡಸಾಲೆಯಲ್ಲಿ ಉಳಿಯುವವರು ರೋಗಿಗಳ ಕಡೆಯವರು ಮಾತ್ರ.

ಅವರಲ್ಲಿ ಕನ್ನಡಿಗರು ಕಡಿಮೆಯಿಲ್ಲ. ಗೋವೆಯ ಕಟ್ಟಡಗಳಿಗೆ ಇಟ್ಟಿಗೆ ಹೊತ್ತವರಲ್ಲಿ ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳ ಸೀಮೆಯವರು ಬಹಳ ಮಂದಿ. ಕಾರವಾರದ ಕಡೆಯಿಂದಲೂ ಚಿಕಿತ್ಸೆಗೆಂದು ಗೋವೆಗೆ ಬರುವ ಕುಟುಂಬಗಳಿವೆ. ರೋಗಿಗೆ ಆಸ್ಪತ್ರೆಯ ಊಟ ಸಿಗುತ್ತದೆ. ಕಾಯುವವರ ಊಟವನ್ನು ಯಾರೂ ಬರೆದುಕೊಳ್ಳುವುದಿಲ್ಲ. ಒಂದು ರಾತ್ರಿ ತಡವಾಗಿ ನಾನು ಯಂತ್ರದ ಬಾಗಿಲು ತೆರೆದು ಸರಕು ತುಂಬುತ್ತಿದ್ದಾಗ, ಮಗ ಸಾರವೆಯಿಂದ ಬಿದ್ದನೆಂದು ಬಾದಾಮಿ ಕಡೆಯಿಂದ ಬಂದಿದ್ದ ಮುದುಕರೊಬ್ಬರು ಪಕ್ಕದಲ್ಲಿ ಬಂದು ನಿಂತರು. ನಾನು ಫೋನಿನಲ್ಲಿ ಕನ್ನಡ ಮಾತಾಡಿದ್ದು ಅವರ ಕಿವಿಗೆ ಬಿದ್ದಿರಬೇಕು. ನಲವತ್ತು ಸಾಲುಗಳನ್ನೂ ಮೇಲಿಂದ ಕೆಳಗೆ ನೋಡಿ, "ಹೊಟ್ಟಿಗಿ ಆಗೂವಂಥಾದ್ದು ಏನರೆ ಐತೇನ್ರಿ ಇದರಾಗ?" ಎಂದು ಕೇಳಿದರು. ಏನೂ ಇರಲಿಲ್ಲ. ಅವರು ಒಂದು ಬಾಟಲಿ ನೀರು ಕೊಂಡು ತಮ್ಮ ಬೆಂಚಿಗೆ ಮರಳಿದರು. ನನ್ನ ಲೆಕ್ಕದ ಪುಸ್ತಕವನ್ನು ಮರುದಿನ ಬೇರೆ ಕಣ್ಣಿನಿಂದ ಓದಿದೆ: ತಡರಾತ್ರಿಯ ಮಾರಾಟವೆಲ್ಲ ಬಹುಪಾಲು ನೀರಿನದೇ ಆಗಿತ್ತು. ಇಷ್ಟು ದಿನ ಅದನ್ನು ಬಾಯಾರಿಕೆಯ ಲೆಕ್ಕವೆಂದು ತಿಳಿಯಲಾಗಿತ್ತು.

ಯಂತ್ರದ ಸಾಲನ್ನು ಅಗಲ ಮಾಡಬಹುದು. ತಯಾರಕರು ಅದಕ್ಕೆ ಅವಕಾಶವಿಟ್ಟೇ ಕಟ್ಟಿರುತ್ತಾರೆ. ಆದರೆ ಒಂದನ್ನು ಬದಲಿಸಿದರೆ ಮತ್ತೊಂದು ತಾನಾಗಿ ಬದಲಾವಣೆಯನ್ನು ಬೇಡುತ್ತದೆ. ಮೊದಲು ಎರಡು ಸಾಲುಗಳ ನಡುವಿನ ಪಟ್ಟಿಯನ್ನು ಕಿತ್ತು ಅವನ್ನು ಒಂದಾಗಿಸಬೇಕು. ಎರಡು ಸಣ್ಣ ಸುರುಳಿಗಳನ್ನು ತೆಗೆದು, ಹಿರಿದಾದ ವ್ಯಾಸದ, ಕಡಿಮೆ ಸುತ್ತಿನ ಒಂದನ್ನು ಕೂರಿಸಬೇಕು. ಎರಡು ಮೋಟಾರುಗಳಲ್ಲಿ ಒಂದಕ್ಕೆ ವಿಶ್ರಾಂತಿ. ಇನ್ನೊಂದು ಹೊಸ ಸಾಲಿನ ನಡುವಿಗೆ ಸರಿಯಬೇಕು. ಬಳಿಕ ಯಂತ್ರದ ನಿಯಂತ್ರಣ ವ್ಯವಸ್ಥೆಗೆ ಈ ಬದಲಾವಣೆಯನ್ನು ತಿಳಿಸಬೇಕು. ಇಲ್ಲವಾದರೆ ಇಲ್ಲದ ಸಾಲಿನ ಸಂಖ್ಯೆಗೂ ಅದು ಬೆಲೆ ತೋರಿಸೀತು. ಅಗಲ ಸಿಕ್ಕಿತೆಂದರೆ ಮುಗಿಯಲಿಲ್ಲ, ಎತ್ತರವೂ ಬೇಕು. ಚಾಕೊಲೇಟಿನ ತಟ್ಟೆಗೆ ಮೇಲೆ 12 ಸೆಂಟಿಮೀಟರ್ ತೆರಪು ಸಾಕಾಗಿದ್ದರೆ, ನಾವು ಆರಿಸಿದ ಪೊಟ್ಟಣಕ್ಕೆ ಅದರ ಎರಡರಷ್ಟು ಬೇಕಾಗಿತ್ತು. ಆದುದರಿಂದ ಪಕ್ಕದ ಸಾಲು ಮಾತ್ರವಲ್ಲ, ಮೇಲಿನ ತಟ್ಟೆಯೂ ಇಡಿಯಾಗಿ ಹೊರಗೆ ಬಂತು.

ಕೊನೆಯದು ಬೀಳುವ ಹಾದಿ. ತಟ್ಟೆಯ ಅಂಚಿಗೂ ಗಾಜಿಗೂ ನಡುವಿನ ಸಂದಿ ಪೊಟ್ಟಣದ ದಪ್ಪಕ್ಕಿಂತ ಕಿರಿದಾಗಿದ್ದರೆ ಅದು ನಡುವೆಯೇ ಸಿಕ್ಕಿಕೊಳ್ಳುತ್ತದೆ. ಸುರುಳಿಯ ತುದಿ ಯಾವ ಕೋನದಲ್ಲಿ ನಿಲ್ಲುತ್ತದೆ ಎಂಬುದರ ಮೇಲೆ ಪೊಟ್ಟಣ ಬೇಗ ಬೀಳುವುದೋ ತಡವಾಗಿ ಬೀಳುವುದೋ ನಿಂತಿದೆ. ಮೊದಲ ಪರೀಕ್ಷೆಯಲ್ಲಿ ಪೊಟ್ಟಣ ತಂತಿಯ ತುದಿಗೆ ಜೋತುಬಿದ್ದು ಅಲ್ಲಾಡಿತು. ತಂತ್ರಜ್ಞ ಸುರುಳಿಯನ್ನು ಅದರ ಹಿಡಿಕೆಯಲ್ಲಿ ಒಂದು ಹಲ್ಲು ಮುಂದಕ್ಕೆ ತಿರುಗಿಸಿ, ತುದಿಗೆ ಪ್ಲಾಸ್ಟಿಕ್ಕಿನ ಒಂದು ತಳ್ಳುಗವನ್ನು ಸಿಕ್ಕಿಸಿದ. ಆಮೇಲೆ ಅದು ಸರಾಗವಾಗಿ ಬಿತ್ತು.

ಯಂತ್ರದ ಒಡೆಯರಾದ ಗುತ್ತಿಗೆದಾರರು ಇದಕ್ಕೆ ಸುಲಭವಾಗಿ ಒಪ್ಪಿರಲಿಲ್ಲ. ಅವರ ಆಕ್ಷೇಪ ನ್ಯಾಯವಾದುದೇ ಆಗಿತ್ತು. ಎರಡು ತಟ್ಟೆಗಳ 20 ಸಾಲು, ಸಾಲಿಗೆ 20ರಂತೆ 400 ಚಾಕೊಲೇಟು ಹೋಗಿ, ಆ ಜಾಗದಲ್ಲಿ ಒಂದೇ ತಟ್ಟೆಯ 5 ಸಾಲು, ಸಾಲಿಗೆ 10ರಂತೆ 50 ಪೊಟ್ಟಣ ಬರುತ್ತವೆ. ಚಾಕೊಲೇಟಿಗೆ 10 ರೂಪಾಯಿಯಂತೆ 4,000 ರೂಪಾಯಿಯ ಸರಕು. ಪೊಟ್ಟಣಕ್ಕೆ 30ರಂತೆ 1,500 ರೂಪಾಯಿಯದು. ನಾನು ಅವರ ಮುಂದೆ ಇಟ್ಟ ವಾದ ಒಂದೇ: ಸರಕು ಬೇರೆ, ಮಾರಾಟ ಬೇರೆ. ನಾನೂರು ಚಾಕೊಲೇಟುಗಳು ವಾರಗಟ್ಟಲೆ ಗಾಜಿನ ಹಿಂದೆ ನಿಲ್ಲುತ್ತವೆ. ಐವತ್ತು ಪೊಟ್ಟಣಗಳು ನಿಲ್ಲುವುದಿಲ್ಲ. ಕಡಿಮೆ ಹಿಡಿಯುವ ಸಾಲನ್ನು ಪದೇ ಪದೇ ತುಂಬಬೇಕಾಗುತ್ತದೆಯಲ್ಲ ಎಂದು ಅವರು ಕೇಳಿದರು. ತುಂಬುವ ಕಾಲುಗಳು ನನ್ನವೇ ಆದುದರಿಂದ ಉತ್ತರಿಸುವುದು ಕಷ್ಟವಾಗಲಿಲ್ಲ.

ಮುಂದಿನ ಪ್ರಶ್ನೆ, ಅಗಲವಾದ ಸಾಲಿನಲ್ಲಿ ಇಡುವುದೇನು ಎಂಬುದು. ದೊಡ್ಡದಾಗಿ ಕಂಡದ್ದೆಲ್ಲ ಹೊಟ್ಟೆ ತುಂಬಿಸುವುದಿಲ್ಲ. ಆಲೂ ಚಿಪ್ಸಿನ ಪೊಟ್ಟಣ ಉಬ್ಬಿರುವುದು ನೈಟ್ರೋಜನ್ನಿನಿಂದ. ಎಣ್ಣೆ ಕಮಟಾಗದಿರಲಿ, ಹಪ್ಪಳದಂಥ ತುಣುಕುಗಳು ಒಡೆಯದಿರಲಿ ಎಂಬ ಕಾರಣಕ್ಕೆ ಆ ಅನಿಲವನ್ನು ತುಂಬುತ್ತಾರೆ. ಅಷ್ಟು ಶ್ರಮಪಟ್ಟು ಬಿಡಿಸಿಕೊಂಡ ಜಾಗವನ್ನು ಮತ್ತೆ ಗಾಳಿಗೆ ಒಪ್ಪಿಸಲು ಮನಸ್ಸು ಬರಲಿಲ್ಲ. ಪೊಟ್ಟಣದ ಗಾತ್ರವನ್ನು ಬಿಟ್ಟು ಅದರ ಮೇಲೆ ಅಚ್ಚಾದ ನಿವ್ವಳ ತೂಕವನ್ನು ಓದುತ್ತ ಆರಿಸಿದೆವು: ಅವಲಕ್ಕಿ ಚೂಡಾ, ಹುರಿದ ಶೇಂಗಾ, ರಸ್ಕು, ದೊಡ್ಡ ಬಿಸ್ಕತ್ತಿನ ಕಟ್ಟು, ಖಾರದ ಮಂಡಕ್ಕಿ. ಪೊಯಿಯನ್ನು ಇಡಬೇಕೆಂಬ ಆಸೆಯಿತ್ತು. ಆದರೆ ಮೆತ್ತಗಿನ ದುಂಡು ರೊಟ್ಟಿ ತಂತಿಯ ನಡುವೆ ನೆಟ್ಟಗೆ ನಿಲ್ಲಲಾರದು, ಬಿದ್ದರೆ ರೂಪ ಉಳಿಯದು, ಮರುದಿನಕ್ಕೆ ರುಚಿ ಉಳಿಯದು. ಎಷ್ಟು ಅಗಲಿಸಿದರೂ ಯಂತ್ರದೊಳಗೆ ಬರಲೊಲ್ಲದ ತಿನಿಸುಗಳಿವೆ. ಅವಕ್ಕೆ ಪೊದೇರನ ಬುಟ್ಟಿಯೇ ಸರಿಯಾದ ಜಾಗ.

ಐಚ್ಛಿಕ ಕನ್ನಡದ ವಿದ್ಯಾರ್ಥಿಗಳಾದ ನಿಮಗೆ ಈ ಕೆಲಸ ಅಪರಿಚಿತವಲ್ಲ. ಕೇಶಿರಾಜನ ಶಬ್ದಮಣಿದರ್ಪಣದ ಅಪಭ್ರಂಶ ಪ್ರಕರಣವನ್ನು ತರಗತಿಯಲ್ಲಿ ಓದುವಾಗ, ಹೊರಗಿನ ಪದವನ್ನು ಕನ್ನಡದ ಸಾಲಿಗೆ ಹೊಂದುವಂತೆ ಸವರುವ ಬಗೆಯನ್ನು ಕಾಣುತ್ತೀರಿ: ಆಕಾಶ ಆಗಸವಾಯಿತು, ಕಾರ್ಯ ಕಜ್ಜವಾಯಿತು, ಸಂಧ್ಯಾ ಸಂಜೆಯಾಯಿತು. ನಾನಿರುವ ಈ ಗೋವೆಯನ್ನು ಆಳಿದ ಪೋರ್ಚುಗೀಸರ ಮಾತಿನಿಂದ ಬಂದ ಮೇಜು, ಚಾವಿ, ಪಗಾರಗಳೂ ಹಾಗೆಯೇ ನಮ್ಮ ನಾಲಗೆಯ ಅಳತೆಗೆ ತಿದ್ದಿಕೊಂಡು ನಿಂತಿವೆ. ಇದು ವಸ್ತುವನ್ನು ಚಿಕ್ಕದು ಮಾಡುವ ದಾರಿ. ಹತ್ತು ರೂಪಾಯಿಯ ಕಿರುಪೊಟ್ಟಣಗಳನ್ನು ತಯಾರಿಸುವವರದೂ ಇದೇ ದಾರಿ. ಆದರೆ ಕನ್ನಡ ಇನ್ನೊಂದು ದಾರಿಯನ್ನೂ ಬಲ್ಲದು. ಹೆಚ್ಚಾಗಿ ಸಂಸ್ಕೃತ ಪದಗಳಿಗಾಗಿಯೇ ಮಹಾಪ್ರಾಣಗಳಿಗೆ ವರ್ಣಮಾಲೆಯಲ್ಲಿ ಸ್ಥಳ ಕೊಟ್ಟಿತು. ಫ಼ ಮತ್ತು ಜ಼ ಎಂಬ ಧ್ವನಿಗಳಿಗಾಗಿ ಅಕ್ಷರದ ಅಡಿಯಲ್ಲಿ ಚುಕ್ಕೆಗಳನ್ನಿಟ್ಟಿತು. ಆಗ ಬದಲಾದದ್ದು ಬಂದ ಪದವಲ್ಲ, ಅದನ್ನು ಬರಮಾಡಿಕೊಂಡ ತಟ್ಟೆ. ಯಾವಾಗ ವಸ್ತುವನ್ನು ಸವರಬೇಕು, ಯಾವಾಗ ಸಾಲನ್ನು ಅಗಲಿಸಬೇಕು ಎಂಬ ವಿವೇಕ ಭಾಷೆಗೆ ಶತಮಾನಗಳ ಬಳಕೆಯಿಂದ ಬಂದುದು. ತಂತಿಯ ಸುರುಳಿಗೆ ಆ ವಿವೇಕವಿಲ್ಲ. ಅದನ್ನು ತುಂಬುವವನಿಗೆ ಇರಬೇಕು.

ಹಾಸಿಗೆ ಇದ್ದಷ್ಟು ಕಾಲು ಚಾಚಬೇಕೆಂಬ ಗಾದೆಯನ್ನು ನಾವು ಚಿಕ್ಕಂದಿನಿಂದ ಕೇಳಿದ್ದೇವೆ. ಸ್ವಂತ ಹಾಸಿಗೆಯ ಮಟ್ಟಿಗೆ ಅದು ಒಳ್ಳೆಯ ಮಾತು. ಬೇರೆಯವರು ಮಲಗುವ ಹಾಸಿಗೆಯನ್ನು ಹಾಸುವ ಕೆಲಸದಲ್ಲಿ ಇರುವವರು ಮಾತ್ರ ಮೊದಲು ಕಾಲಿನ ಉದ್ದವನ್ನು ಕೇಳಿಕೊಳ್ಳುವುದು ಲೇಸು.

ಈಗ ಆ ಯಂತ್ರದಲ್ಲಿ ಚಾಕೊಲೇಟಿನ ಎರಡು ತಟ್ಟೆಗಳು ಉಳಿದಿವೆ. ಹಗಲಿನಲ್ಲಿ ಮಕ್ಕಳು ಬರುತ್ತಾರೆ, ಅವರ ಪಾಲನ್ನು ಕಸಿಯಬಾರದು. ನಡುವಿನಲ್ಲಿ ಐದು ಅಗಲದ ಸಾಲುಗಳಿವೆ. ಬೆಳಿಗ್ಗೆ ನಾನು ಹೋಗುವಾಗ ಅವುಗಳಲ್ಲಿ ಎರಡೋ ಮೂರೋ ಪೂರ್ತಿ ಬರಿದಾಗಿರುತ್ತವೆ. ಗುತ್ತಿಗೆದಾರರಿಗೆ ಅದು ಸಂತೋಷದ ನೋಟ, ನನಗೂ ಬಹುಮಟ್ಟಿಗೆ ಹಾಗೆಯೇ. ಆದರೂ ಸಾಲು ಯಾವ ಹೊತ್ತಿಗೆ ಬರಿದಾಯಿತು, ಅದಾದ ಮೇಲೆ ಯಾರು ಬಂದು ಗಾಜಿನ ಮುಂದೆ ನಿಂತರು ಎಂಬುದು ಲೆಕ್ಕದ ಪುಸ್ತಕಕ್ಕೆ ಸಿಗುವುದಿಲ್ಲ. ದೊಡ್ಡ ಅಳತೆ ತಂದಾಗ ಎಣಿಕೆ ಕುಗ್ಗುತ್ತದೆ. ಹತ್ತು ಜನರಿಗೆ ಸಾಕಾದ ಸಾಲು ಹನ್ನೊಂದನೆಯವರಿಗೆ ಬರಿಯ ತಂತಿ. ಹೊರಗೆ ತೆಗೆದ ತಟ್ಟೆ, ಪಟ್ಟಿ, ಸುರುಳಿಗಳನ್ನು ಉಗ್ರಾಣದಲ್ಲಿ ಎತ್ತಿಟ್ಟಿದ್ದೇವೆ. ಮಳೆಗಾಲದಲ್ಲಿ ಜನರ ಬರುವಿಕೆ ಬದಲಾದರೆ ಅಳತೆಯನ್ನು ಮತ್ತೊಮ್ಮೆ ನೋಡಬೇಕಾದೀತು. ಇನ್ನೊಂದು ತಟ್ಟೆಯನ್ನೂ ಅಗಲಿಸೋಣವೇ ಎಂದು ಗುತ್ತಿಗೆದಾರರು ಮೊನ್ನೆ ತಾವಾಗಿಯೇ ಕೇಳಿದರು. ತಡರಾತ್ರಿಯ ಒಂದು ವಾರದ ಲೆಕ್ಕ ತೆಗೆದು ಹೇಳುತ್ತೇನೆಂದಿದ್ದೇನೆ. ಈ ಸಲ ನೀರಿನ ಬಾಟಲಿಗಳನ್ನು ಮೊದಲು ಎಣಿಸುತ್ತೇನೆ.